ಮೊಸಳೆ ಇರುವ ಹೊಳೆಗೆ ಕಾವಲು ಯಾರು?

ಮಾನ್ಯ ವನ್ಯಜೀವಿ ಅಧಿಕಾರಿಗಳೇ,

ನನಗೆ ಅಂಜಿಕೆಯಾಗಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದುವಷ್ಟು ಪುರುಸೊತ್ತು ತಮಗೆ ಇರಲಿಕ್ಕಿಲ್ಲ. ಅನಗವಾಡಿಯ ಆಚೆ, ಕೃಷ್ಣೆಯ ಹಿನ್ನೀರಿಗೆ ಅಂಟಿಕೊಂಡಿರುವ ನಮ್ಮೂರಿನ ಹೊಳೆಯಲ್ಲಿ ಮೊಸಳೆ ಇದೆ. ನಾವು ಬಟ್ಟೆ ಒಗೆಯುವ ಮೆಟ್ಟಿಲುಗಳ ಹತ್ತಿರವೇ ಇದೆ. ಅಲ್ಲಿ ನಿಂತು ನಮ್ಮನ್ನು ಕಾಯುತ್ತಿದ್ದ ನನ್ನ ಮಾವ, ನಿವೃತ್ತ ಹವಾಲ್ದಾರ ಗಿರಿಮಲ್ಲಪ್ಪನವರು, ಕಳೆದ ತಿಂಗಳು ತೀರಿಕೊಂಡರು.

ತಾವು ಏನೂ ಮಾಡಲಿಲ್ಲ ಎನ್ನಲಾರೆ. ಮೊಸಳೆ ಎಮ್ಮೆಯ ಕರುವನ್ನು ಎಳೆದೊಯ್ದಾಗ ಊರವರು ಬಂದು ಬೇಡಿಕೊಂಡೆವು. ತಾವು ಫಲಕ ನೆಡಿಸಿದಿರಿ. ‘ಮೊಸಳೆಗಳಿವೆ, ನೀರಿಗೆ ಇಳಿಯಬೇಡಿ.’ ಬಲು ಚೆಂದದ ಅಕ್ಷರಗಳು. ನಲ್ಲಿಯ ನೀರು ಕುಡಿಯುವುದಕ್ಕೇ ಸಾಲದ ಊರಿನಲ್ಲಿ, ಬಟ್ಟೆಯ ಬುಟ್ಟಿ ಹೊತ್ತ ಹೆಂಗಸು ಆ ಫಲಕ ಓದಿ ಎಲ್ಲಿಗೆ ಹೋಗಬೇಕು? ಅದನ್ನು ಬರೆಸಲು ಜಾಗ ಸಾಲಲಿಲ್ಲವೇ?

ಫಲಕ ಬಂದ ಮೇಲೆಯೇ ಮಾವ ಉದ್ದನೆಯ ಬಿದಿರ ಗಳ ಹಿಡಿದು ಮೆಟ್ಟಿಲ ಮೇಲೆ ನಿಲ್ಲತೊಡಗಿದ್ದು. ಎಪ್ಪತ್ತೊಂದರ ಯುದ್ಧ ಕಂಡವರು, ವಯಸ್ಸು ಎಂಬತ್ತರ ಹತ್ತಿರ. ಅವರನ್ನು ವೀರಯೋಧ ಎಂದಷ್ಟೇ ನೆನೆಯುವವರಿಗೆ ಅವರು ಪೂರ್ತಿ ಗೊತ್ತಿಲ್ಲ. ನನ್ನ ಮಗಳು ಅಕ್ಷತಾಳ ಜಡೆ ಹೆಣೆಯುತ್ತಿದ್ದವರು ಅವರೇ. ಅವಳ ಹುಬ್ಬು ಮೇಲೇರುವಷ್ಟು ಬಿಗಿಯಾಗಿ. ಅತ್ತೆ ಲಗಮವ್ವನ ಮೊಣಕಾಲು ನೋಯುವ ದಿನ, ಸೈನ್ಯದ ಪಲ್ಟಣದಲ್ಲಿ ಕಲಿತ ಚಪಾತಿ ಲಟ್ಟಿಸುತ್ತಿದ್ದರು.

‘ಏನ್ರೀ, ಇದ ಚಪಾತ್ಯೋ, ದೇಶದ ನಕಾಶಿಯೋ?’ ಎಂದು ಅತ್ತೆ ನಗುತ್ತಿದ್ದರು.

‘ಯಾವ ದೇಶ ಬೇಕ ಹೇಳು, ಹರದ ಕೊಡ್ತೀನಿ.’

ಹೋದ ಬೇಸಿಗೆಯ ಒಂದು ಮುಂಜಾನೆ ಅತ್ತೆ ಹೊದೆಯುವ ಕೌದಿ ಜಾಲಿಸುತ್ತಿದ್ದರು. ನಾನು ಪಕ್ಕದ ಕಲ್ಲಿನ ಮೇಲಿದ್ದೆ. ನೀರು ಅಲುಗಲಿಲ್ಲ, ಸಪ್ಪಳವಾಗಲಿಲ್ಲ. ಒಮ್ಮೆಲೇ ಏನೋ ಕೌದಿಯನ್ನು ಒಳಗೆ ಜಗ್ಗಿತು. ಹಿಡಿದದ್ದನ್ನು ಬಿಡದ ಅತ್ತೆ ಅದರ ಸಂಗಡ ನೀರಿಗೆ ಬಿದ್ದರು.

‘ಕೌದಿ ಬಿಡ, ಲಗಮವ್ವಾ! ಬಿಡ ಅಂದ್ನಿ!’

ಕೂಗುತ್ತಲೇ ಮಾವ ನೀರಿಗೆ ಹಾರಿ ಗಳದಿಂದ ಮೊಸಳೆಯ ಮೂತಿಗೆ ಬಡಿದರು. ಮತ್ತೆ ಮತ್ತೆ ಬಡಿದರು. ನಾನು ಅತ್ತೆಯ ರಟ್ಟೆ ಹಿಡಿದು ಎಳೆದೆ. ಕೌದಿ ನೀರಿನಡಿಗೆ ಹೋಯಿತು. ಅವರಿಬ್ಬರೂ ದಂಡೆಗೆ ಬಂದರು.

ಮನೆಗೆ ಬಂದ ಮೇಲೂ ಮಾವ ಗಳವನ್ನು ಕೈಯಿಂದ ಬಿಡಲಿಲ್ಲ; ಚಹಾವನ್ನೂ ಅದನ್ನು ಹಿಡಿದೇ ಕುಡಿದರು. ‘ಮಾವಾರ, ಯುದ್ಧಾ ಮಾಡಿದವ್ರು ನೀವು, ಅಂಜಿದ್ರೇನ್ರಿ?’ ಎಂದೆ.

‘ಅಂಜಲಾರದ ಏನ ಮಾಡ್ಲಿವಾ? ಅಲ್ಲಿ ನನ್ನ ಸುತ್ತ ಒಂದ ಪಲ್ಟಣ ಇತ್ತು. ಇಲ್ಲಿ ನಾ ಒಬ್ಬಾವ್ನ ಅದೇನಿ.’

ಆ ಸುದ್ದಿಯನ್ನೂ ತಮಗೆ ಮುಟ್ಟಿಸಿದೆವು. ‘ಪರಿಶೀಲನೆಯಲ್ಲಿದೆ’ ಎಂದಿರಿ. ಮೊಸಳೆಯೂ ನಮ್ಮನ್ನು ಪರಿಶೀಲಿಸುತ್ತಲೇ ಇದೆ, ಮಾನ್ಯರೇ. ಆದರೆ ಅದು ಸ್ಥಳಕ್ಕೆ ಬಂದು ಪರಿಶೀಲಿಸುತ್ತದೆ.

ಮಾವ ಎದೆನೋವಿನಿಂದ, ಮನೆಯಲ್ಲೇ ಹೋದರು. ಅವರನ್ನು ಮಣ್ಣು ಮಾಡುವ ದಿನ ಮಾತ್ರ ತಾವು ಖುದ್ದಾಗಿ ಬಂದಿರಿ. ಹಾರ ಹಾಕಿದಿರಿ, ಅವರ ಧೈರ್ಯವನ್ನು ಹೊಗಳಿದಿರಿ. ನಮ್ಮ ನೆರೆಮನೆಯ ಶಂಕರೆಪ್ಪ, ‘ಬರ್ರಿ ಸಾಹೇಬ್ರ, ಮೆಟ್ಲಾ ಒಂದ್ಸಲ ನೋಡಿ ಹೋಗೀರಂತ’ ಎಂದು ಕರೆದ. ತಾವು ದಂಡೆಯ ಮೇಲೆಯೇ ನಿಂತು, ಕೆಳಗೆ ಕೆಸರಿದೆ ಎಂದಿರಿ. ಕೆಸರಿರಲಿಲ್ಲ. ತಾವೂ ಅಂಜಿದ್ದಿರಿ, ನಾನು ಕಂಡೆ. ಅಂಜುವುದು ತಪ್ಪಲ್ಲ. ಆದರೆ ತಮಗೆ ಹತ್ತಿ ಹೋಗಲು ಜೀಪಿತ್ತು.

ಮೊಸಳೆಯನ್ನು ಕೊಲ್ಲಿರಿ ಎಂದು ನಾನು ಕೇಳುತ್ತಿಲ್ಲ; ಹೊಳೆ ಅದರದೂ ಹೌದು. ಮೆಟ್ಟಿಲುಗಳ ಸುತ್ತ, ನೀರಿನೊಳಗೆ, ಗಟ್ಟಿಯಾದ ಕಬ್ಬಿಣದ ಜಾಳಿಗೆ ಹಾಕಿಸಿರಿ. ಮಳೆಗಾಲಕ್ಕೆ ಹೊಳೆ ಏರುವ ಮೊದಲೇ ಹಾಕಿಸಿರಿ. ಅಲ್ಲಿಯವರೆಗೆ ನಾವು ಹೆಂಗಸರೇ ಸರದಿಯ ಮೇಲೆ ಕಾವಲು ನಿಲ್ಲುತ್ತಿದ್ದೇವೆ. ನಿನ್ನೆ ನನ್ನ ಸರದಿ ಇತ್ತು. ತೇಲಿ ಬಂದ ಪ್ರತಿಯೊಂದು ಕಟ್ಟಿಗೆಗೂ ಚೀರಿದೆ. ಮೊದಮೊದಲು ಎಲ್ಲರೂ ಒದ್ದೆ ಬಟ್ಟೆ ಬಿಟ್ಟು ಮೇಲಕ್ಕೆ ಓಡಿ ಬಂದರು. ಕೊನೆಕೊನೆಗೆ ನಾನು ಚೀರಿದರೂ ಒಬ್ಬರೂ ತಲೆ ಎತ್ತಲಿಲ್ಲ.

ನನ್ನ ಜೀವ ಬಾಯಿಗೆ ಬಂದದ್ದು ಆಗ.

ಇಂತಿ,
ಈಜು ಬಾರದ ಕಾವಲುಗಾರ್ತಿ,
ಹವಾಲ್ದಾರ ಗಿರಿಮಲ್ಲಪ್ಪನವರ ಸೊಸೆ
ಬನಶಂಕರಿ,
ಬೀಳಗಿ ತಾಲೂಕು