ಕೂಗದೆ ಹೊರಟ ವಿಮಾನ, ಬಿಸಿ ಮಾಡಿಸಿದ ಬನ್ನು

ವಿಮಾನ ನಿಲ್ದಾಣದ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ನಿಲ್ದಾಣದಲ್ಲಿ ಯಾರೂ ಕೂಗುವುದಿಲ್ಲ. ನನ್ನ ದೂರು ಅದೇ. ಪ್ರಯಾಣಿಕರ ನೆಮ್ಮದಿಗಾಗಿ ಧ್ವನಿವರ್ಧಕಗಳನ್ನು ನಿಲ್ಲಿಸಿದ್ದೇವೆಂದು ಗೋಡೆಯ ಮೇಲೆ ಹೆಮ್ಮೆಯಿಂದ ಬರೆಸಿದ್ದೀರಿ. ಆ ನೆಮ್ಮದಿಯಲ್ಲಿ ನನ್ನ ವಿಮಾನ ಹೋಯಿತು. ಅದೇ ಮಧ್ಯಾಹ್ನ ನನ್ನಕ್ಕನೂ ಹೋದಳು.

ನಾನು ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಊರ ಹೆಸರು ಮೂರು ಸಲ ಕೂಗಿ, ಟೀ ಕುಡಿಯಲು ಇಳಿದವರಿಗಾಗಿ ಬಾಗಿಲಲ್ಲಿ ನೇತಾಡಿಕೊಂಡು ಇನ್ನೊಂದು ಸಲ ಕೂಗಿ, ತಲೆ ಎಣಿಸಿ, ಆಮೇಲೇ 'ರೈಟ್' ಅಂದವನು. ಹೊರಡುವ ಮುಂಚೆ ಯಾರಾದರೂ ಕೂಗಿಯೇ ಕೂಗುತ್ತಾರೆ ಎಂಬ ನಂಬಿಕೆ ನನ್ನದು. ಅವತ್ತು ಮೊದಲ ಸಲ ವಿಮಾನ ಹತ್ತಲು ಬಂದಿದ್ದೆ. ಅಕ್ಕನ ಮಗ ಟಿಕೆಟ್ ಕಳಿಸಿ, "ಮಾವ, ಬೇಗ ಬನ್ನಿ, ಅಮ್ಮ ಬಾಗಿಲ ಕಡೇನೇ ನೋಡ್ತಿದ್ದಾಳೆ" ಅಂದಿದ್ದ. ನನಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿದ ಮೇಲೆ ಹೊಟ್ಟೆಗೆ ಏನಾದರೂ ಬೀಳದಿದ್ದರೆ ಕೈ ನಡುಗುತ್ತದೆ. ದೊಡ್ಡ ಅಂಗಡಿಗಳಲ್ಲಿ ಬೆಲೆ ನೋಡಿಯೇ ಹೊಟ್ಟೆ ತುಂಬಿತು. ಕೊನೆಗೆ ಮೂಲೆಯ ಕಂಬದ ಹಿಂದೆ ತಾವು ಕೃಪೆಮಾಡಿ ಇಡಿಸಿರುವ ಅಗ್ಗದ ಬೇಕರಿ ಸಿಕ್ಕಿತು. ಹನುಮಂತನ ಬಾಲದಂಥ ಸಾಲು. ಗಡಿಯಾರ ನೋಡಿದೆನೇ? ಇಲ್ಲ. ಕೂಗುತ್ತಾರಲ್ಲ!

"ಬಿಸಿ ಮಾಡ್ಕೊಡ್ಲಾ ಅಂಕಲ್, ಹಾಗೇ ಕೊಡ್ಲಾ?" ಎಂದಳು ಬನ್ನು ಕೊಡುವ ಹೆಂಗಸು.

"ಬಿಸಿ ಮಾಡಮ್ಮ, ನಂಗೇನೂ ಅವಸರ ಇಲ್ಲ" ಅಂದೆ.

ಬನ್ನು ಹಿಡಿದು ಬಂದರೆ ವಿಮಾನಕ್ಕೆ ಹೋಗುವ ಬಾಗಿಲು ಮುಚ್ಚಿತ್ತು. ಗಾಜಿನಾಚೆ ವಿಮಾನ ಇನ್ನೂ ನಿಂತೇ ಇತ್ತು. "ಕೂಗಲೇ ಇಲ್ವಲ್ಲಮ್ಮ?" ಅಂದೆ. "ಇಲ್ಲಿ ಕೂಗಲ್ಲ ಸಾರ್, ಬೋರ್ಡಲ್ಲಿ ಬಂದಿತ್ತಲ್ಲ" ಎಂದಳು ಬಾಗಿಲ ಸಿಬ್ಬಂದಿ. ಪಾಪ, ಅವಳದೇನು ತಪ್ಪು? ಬೋರ್ಡು ಕಂಬದ ಆ ಕಡೆ, ಅಗ್ಗದ ಸಾಲು ಈ ಕಡೆ. ಇದು ಯಾರ ಘನ ಬುದ್ಧಿಯ ಏರ್ಪಾಟು, ಮಾನ್ಯರೇ? ದುಬಾರಿ ಅಂಗಡಿಗಳ ಎದುರು ನಾಲ್ಕು ಬೋರ್ಡುಗಳಿದ್ದವು. ಬನ್ನು ತಿನ್ನುವವನಿಗೆ ಹೊತ್ತಿಗೆ ಸರಿಯಾಗಿ ತಲುಪಬೇಕಾದ ಊರು ಇರುವುದಿಲ್ಲವೇ?

ನಾನು ಜಗಳಾಡಲಿಲ್ಲ, ಅಳಲೂ ಇಲ್ಲ. ಮುಂದಿನ ವಿಮಾನ ಸಂಜೆಗೆ ಎಂದರು. ಅಲ್ಲೇ ಕುರ್ಚಿಯಲ್ಲಿ ಕೂತು ಬನ್ನು ತಿಂದೆ. ನನ್ನನ್ನು ಬಿಟ್ಟ ವಿಮಾನ ಆ ಊರಲ್ಲಿ ಇಳಿದು ಮೂರು ಗಂಟೆಯಾದ ಮೇಲೆ ಅಕ್ಕನ ಮಗನ ಫೋನ್ ಬಂತು. "ಇನ್ನು ಅವಸರ ಮಾಡ್ಬೇಡಿ ಮಾವ" ಅಂದ. "ಆಯ್ತಪ್ಪ" ಅಂದೆ. ಅಕ್ಕ ಹೋಗಿ ಎರಡು ತಿಂಗಳಾಯಿತು, ನನಗಿನ್ನೂ ಅಳು ಬಂದಿಲ್ಲ. ಎದೆಯೊಳಗೆ ಏನೂ ಇಲ್ಲ.

ಇದಕ್ಕೂ ಮುಂಚೆ ಬರೆದ ನನ್ನ ದೂರಿಗೆ ತಮ್ಮ ಕಚೇರಿಯಿಂದ ಒಂದು ಸಾಲಿನ ಉತ್ತರ ಬಂದಿದೆ: 'ಪ್ರಯಾಣಿಕರು ಜಾಗರೂಕರಾಗಿರತಕ್ಕದ್ದು.' ಒಪ್ಪಿದೆ, ತಪ್ಪು ನನ್ನದೂ ಇದೆ. ಪರಿಹಾರ ಬೇಡ. ಆ ಅಗ್ಗದ ಸಾಲಿನ ಪಕ್ಕ ಒಬ್ಬ ಮನುಷ್ಯನನ್ನು ನಿಲ್ಲಿಸಿ. ಬಾಗಿಲು ಮುಚ್ಚುವ ಮುಂಚೆ ಒಂದೇ ಒಂದು ಸಲ ಬಾಯಿಬಿಟ್ಟು ಕೂಗಲಿ. ಜನ ಸಿಗದಿದ್ದರೆ ನಾನೇ ಬರುತ್ತೇನೆ, ಸಂಬಳವೂ ಬೇಡ. ನಾನು ಬರಲೆಂದು ಬಾಗಿಲು ನೋಡುತ್ತಾ ಮಲಗಿರುವವರು ಈಗ ಯಾವ ಊರಲ್ಲೂ ಇಲ್ಲ.

ಇಂತಿ,
ಕರೆಯುತ್ತಾರೆಂದು ಕಾದ ದಡ್ಡ,
ಒಬ್ಬ ನಿವೃತ್ತ ಕಂಡಕ್ಟರ್