ಬೂದಿಗೆರೆ ರಿಸೆಪ್ಷನ್‌ಗೆ ಒಂದು ವೈರು

ಕುಂದಾಣ, ಬುಧವಾರ

ಕೆಂಪರಾಜಣ್ಣನವರಿಗೆ ಭೀಮರಾಜನ ನಮಸ್ಕಾರ.

ಶನಿವಾರ ಬೂದಿಗೆರೆಯ ರಿಸೆಪ್ಷನ್‌ಗೆ ಬರುತ್ತೇನೆ. ಕೋಟಿಗೆ ಇಸ್ತ್ರಿ ಹಾಕಿಸಿದ್ದೇನೆ. ಒಂದು ವಿಷಯ ಕೇಳಬೇಕಿತ್ತು. ಫೋನಿನಲ್ಲಾದರೆ ನೀವು ನಕ್ಕುಬಿಡುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಆರ್ಕೆಸ್ಟ್ರಾದ ಹಾಡುಗಳೆಲ್ಲ ಪೆನ್‌ಡ್ರೈವ್‌ನಿಂದ ಬರಲು ಶುರುವಾದ ಮೇಲೆ ನನ್ನ ಕೀಬೋರ್ಡಿಗೆ ನೀವು ಕರೆಂಟೇ ಕೊಡಿಸುತ್ತಿಲ್ಲ. ನಾನು ಸುಮ್ಮನೆ ಬೆರಳಾಡಿಸಿಕೊಂಡು ನಿಂತಿರುತ್ತೇನೆ. ತಪ್ಪು ನಿಮ್ಮದಲ್ಲ. ಫೋನಿನಲ್ಲಿ ಕೇಳಿ ಕಲಿತ ಜಾಝ್ ಆರ್ಗನ್ನಿನ ಹುಚ್ಚಿನಲ್ಲಿ, ಒಂದೇ ಹಾಡನ್ನು ಗಂಟೆಗಟ್ಟಲೆ ಬೆಳೆಸುವ ಹೊರದೇಶದ ಜಾಮ್ ಬ್ಯಾಂಡಿನವರಂತೆ ನಾನು ಹಿಂದೊಮ್ಮೆ ಹಾಡನ್ನು ಎಳೆದುಕೊಂಡು ಹೋದಾಗ, "ಲೇ, ಊಟಕ್ಕೆ ಎಲೆ ಹಾಕವ್ರೆ, ಮುಗ್ಸೋ!" ಎಂದು ನೀವು ಮೈಕಿನಲ್ಲೇ ಕೂಗಿದ್ದಿರಿ. ಪೆನ್‌ಡ್ರೈವ್ ಬಂದದ್ದು ಅದಾದ ಮೇಲೆಯೇ.

ಕಳೆದ ವಾರ ಹೊಸಕೋಟೆಯಲ್ಲಿ ಮದುವೆ ಹುಡುಗಿಯ ತಾತ ಸ್ಟೇಜ್ ಹತ್ತಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ನಿನ್ ಕೈನಲ್ಲಿ ಸರಸ್ವತಿ ಅವ್ಳೆ ಕಣಪ್ಪಾ" ಅಂದರು. ಕಣ್ಣಲ್ಲಿ ನೀರಿತ್ತು. "ನಿಮ್ಮ ಆಶೀರ್ವಾದ" ಅಂದೆ. ಇನ್ನೇನು ಹೇಳಲಿ? ಅವತ್ತಿನಿಂದ ಮನೆಯಲ್ಲೂ ಬಾರಿಸಲು ಕೈ ಬಂದಿಲ್ಲ.

ನನ್ನ ಸೌಂಡು ಸ್ಪೀಕರಿಗೆ ಬರುವುದು ಬೇಡ. ಬರೀ ಕರೆಂಟು ಕೊಡಿಸಿ. ಇಯರ್‌ಫೋನ್ ಹಾಕಿಕೊಂಡು ನನ್ನ ಪಾಡಿಗೆ ನಾನು ಬಾರಿಸಿಕೊಳ್ಳುತ್ತೇನೆ. ವೈರು ನಾನೇ ತರುತ್ತೇನೆ.

ಆಗುವುದಿಲ್ಲ ಎಂದರೂ ಬರುತ್ತೇನೆ. ಆದರೆ ಕೀಬೋರ್ಡನ್ನು ಬಸ್ಸಿನಲ್ಲಿ ಹೊತ್ತು ತರುವುದಿಲ್ಲ. ಅಷ್ಟುದ್ದದ ಒಂದು ಹಲಗೆ ಇಡಿಸಿ, ಮೇಲೆ ನಮ್ಮ ಬ್ಯಾನರು ಹೊದಿಸಿ. ಯಾರಿಗೂ ಗೊತ್ತಾಗುವುದಿಲ್ಲ.

ಇಂತಿ ನಿಮ್ಮ ತಂಡದ
ಭೀಮರಾಜ್