ಆರನೆಯ ಕರೆ

ಯಾಮಾಗಾತ
ಅಕ್ಟೋಬರ್ ೨೩

ಕುನಿಹಿರೊಗೆ,

ಸುಗಿನೊ ವಸತಿಗೃಹವನ್ನು ಇಪ್ಪತ್ತೆಂಟು ವರ್ಷದಿಂದ ಒಬ್ಬಳೇ ನಡೆಸಿಕೊಂಡು ಬಂದವಳು ನಾನು. ಈ ಬಿಸಿನೀರಿನ ಬುಗ್ಗೆಗಳ ಬೀದಿಯಲ್ಲಿ ಹದಿನಾಲ್ಕು ವಸತಿಗೃಹಗಳಿದ್ದರೂ ಪುರಸಭೆಯವರು ಮೊದಲು ಬಂದು ಕೇಳುವುದು ನನ್ನನ್ನೇ. ನಿನ್ನ ಅಭಿಮಾನಿ ಸಂಘದ ಅಧ್ಯಕ್ಷೆಯ ಕುರ್ಚಿಯಲ್ಲಿ ಹದಿನಾರು ವರ್ಷ ಕೂತವಳು. ನಿನಗೆ ಇದು ಗೊತ್ತಿಲ್ಲವೆಂದು ಬರೆಯುತ್ತಿಲ್ಲ. ಇಂಥವಳಿಗೆ ನಿನ್ನ ಒಂದು ಪತ್ರಕ್ಕೆ ಉತ್ತರ ಬರೆಯಲು ಹದಿನೆಂಟು ದಿನ ಹಿಡಿಯಿತು ಎಂದರೆ ಅದು ಸೋಮಾರಿತನವಲ್ಲ ಎಂದು ನಿನಗೆ ತಿಳಿಯಲಿ. ತಡವಾದದ್ದಕ್ಕೆ ಕ್ಷಮಿಸು.

ಸೊಸೆ ಮಿಸುಜು, ಮಗು ಕ್ಷೇಮವೆಂದುಕೊಂಡಿದ್ದೇನೆ. ಇಲ್ಲಿ ಬೆಟ್ಟವೆಲ್ಲ ಕೆಂಪಾಗಿದೆ, ಒಂದು ಕೋಣೆಯೂ ಖಾಲಿಯಿಲ್ಲ. ನನ್ನ ಮೊಣಕಾಲಿನ ವಿಷಯ ಕೇಳಬೇಡ, ಅದು ಇದ್ದ ಹಾಗೇ ಇದೆ.

ಮುಂದಿನ ವರ್ಷಕ್ಕೆ ನೀನು ಬೇಡವೆಂದು ಬೇಸ್‌ಬಾಲ್ ಕ್ಲಬ್‌ನವರು ಹೇಳಿದ್ದಾರೆಂದು ಬರೆದಿದ್ದೀಯ. ನೀನಾಗಿಯೇ ನಿವೃತ್ತಿ ಎಂದರೆ ಮಾರ್ಚಿನಲ್ಲಿ ಬೀಳ್ಕೊಡುಗೆ ಪಂದ್ಯ, ಹೂಗುಚ್ಛ, ಎರಡನೇ ತಂಡದಲ್ಲಿ ತರಬೇತುದಾರನ ಕೆಲಸ. ಒಪ್ಪದಿದ್ದರೆ ಇದೊಂದೂ ಇಲ್ಲ. ನವೆಂಬರಿನಲ್ಲಿ ಕೈಬಿಟ್ಟ ಆಟಗಾರರ ಆಯ್ಕೆ ಪರೀಕ್ಷೆಗೆ ಹೋಗಿ, ಇಪ್ಪತ್ತರ ಹುಡುಗರ ಸಾಲಿನಲ್ಲಿ ನಿಂತು ಚೆಂಡು ಎಸೆದು ತೋರಿಸಬೇಕು. ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು. ಇಷ್ಟು ಬರೆದು, ಕೆಳಗೆ “ಅಮ್ಮ, ಏನು ಮಾಡಲಿ?” ಎಂದು ಕೇಳಿದ್ದೀಯ. ಮೂವತ್ತೇಳು ವರ್ಷದಲ್ಲಿ ನೀನು ನನ್ನನ್ನು ಹೀಗೆ ಕೇಳಿದ್ದು ಇದೇ ಮೊದಲು. ಈವರೆಗೆ ನಾನು ಹೇಳುತ್ತಿದ್ದೆ, ನೀನು ಮಾಡುತ್ತಿದ್ದೆ.

ನಿನ್ನನ್ನು ನಾನು ಎದುರಿಗೆ ಹೊಗಳಿದವಳಲ್ಲ. ನೂರ ಹನ್ನೆರಡು ಪಂದ್ಯ ಗೆದ್ದಿದ್ದೀಯ, ಒಂದು ಸಲವೂ ಕೆಂಪು ಕಾಳಿನ ಹಬ್ಬದನ್ನ ಮಾಡಿಸಲಿಲ್ಲ. ಆದರೆ ನೀನು ಎಸೆಯುವ ದಿನ ಅಡುಗೆಮನೆಯ ಟೀವಿಯ ಮುಂದೆ ಯಾರೂ ಅಡ್ಡ ಹಾಯುವಂತಿರಲಿಲ್ಲ. ಆ ಜಡಿಮಳೆಯ ಪಂದ್ಯ ನನಗೆ ನೆನಪಿದೆ. ಒಂದಕ್ಕೆ ಸೊನ್ನೆ, ನೂರ ನಲವತ್ತೊಂದು ಎಸೆತ, ಒಂಬತ್ತು ಸುತ್ತೂ ನೀನೊಬ್ಬನೇ. ಕೊನೆಯವನು ನಿನ್ನ ಆ ತಟ್ಟನೆ ಕೆಳಗೆ ಬೀಳುವ ಚೆಂಡಿಗೆ ಬ್ಯಾಟು ಬೀಸಿ ಮಂಡಿಯೂರಿದ. ನೀನು ಕುಣಿಯಲಿಲ್ಲ. ಟೋಪಿ ತೆಗೆದು, ನಿಂತು ಎಸೆದ ದಿಬ್ಬಕ್ಕೆ ಬಗ್ಗಿ ಇಳಿದು ಬಂದೆ. ಅಡುಗೆಯ ಓಮೊರಿ ಅಳುತ್ತ, “ನೋಡ್ರಮ್ಮ, ಯಾರ ಮಗ ಅಂತ ನಡಿಗೇಲೇ ಗೊತ್ತಾಗುತ್ತೆ” ಎಂದ. ಮೀನು ಸೀಯ್ತಾ ಇದೆ, ಹೋಗು ಎಂದೆ. ಆಮೇಲೆ ಉಗ್ರಾಣಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ. ಸೋತ ತೊಂಬತ್ತೆಂಟು ಪಂದ್ಯಗಳಲ್ಲಿ ಒಂದರಲ್ಲೂ ನೀನು ಮೈದಾನವನ್ನಾಗಲಿ ಜೊತೆಯವರನ್ನಾಗಲಿ ದೂರಿದ್ದಿಲ್ಲ. ಭುಜದ ಶಸ್ತ್ರಚಿಕಿತ್ಸೆಯಾಗಿ ಇಡೀ ಒಂದು ವರ್ಷ ಬರಿಗೈ ಬೀಸುತ್ತ ಕಳೆದಾಗಲೂ ನನಗೆ ಒಂದು ದೂರಿನ ಪತ್ರ ಬರಲಿಲ್ಲ. ಈ ಮನೆಯಲ್ಲಿ ನನಗಿಂತ ಗಟ್ಟಿಯವರು ಯಾರಾದರೂ ಹುಟ್ಟಿದ್ದರೆ ಅದು ನೀನು.

ಕಳೆದ ಗುರುವಾರ ಕ್ಲಬ್ ಕಚೇರಿಯ ಹಿರಾನುಮಾ ಎಂಬವರು ಸಿಹಿಯ ಡಬ್ಬ ಹಿಡಿದು ಬಂದರು. ಕರೆತಂದದ್ದು ನಮ್ಮ ಸಂಘದ ಉಪಾಧ್ಯಕ್ಷ, ಟೋಫು ಅಂಗಡಿಯ ಶೋಜಿ. ಹಿರಾನುಮಾ ಬಹಳ ಮರ್ಯಾದೆಯ ಮನುಷ್ಯ. ನಿನ್ನಂಥವನು ಆ ಪರೀಕ್ಷೆಗೆ ಹೋಗುವುದು ಕ್ಲಬ್ಬಿಗೂ ನಿನ್ನ ಹೆಸರಿಗೂ ಚಂದವಲ್ಲ, ತಾಯಿಯ ಮಾತನ್ನು ನೀನು ಮೀರುವುದಿಲ್ಲವಂತೆ, ನಾನೊಂದು ಮಾತು ಹೇಳಬೇಕು ಎಂದರು.

ಶೋಜಿ ಸುಮ್ಮನಿರುವ ಆಸಾಮಿಯೇ? “ಯಜಮಾನಿಯವರ ಲೆಕ್ಕ ತಪ್ಪಲ್ಲ ಕಣ್ರೀ. ಹದಿನೆಂಟನೇ ವಯಸ್ಸಲ್ಲೇ ಇವನನ್ನ ಕ್ಲಬ್ಬಿಗೆ ಕೊಡದೆ ಮೂರು ವರ್ಷ ಮಾಗೋಕೆ ಬಿಟ್ಟರು. ಅದಕ್ಕೇ ಇಷ್ಟು ವರ್ಷ ಬಾಳಿಕೆ ಬಂದ. ಇವರು ಹೂಂ ಅಂದ್ರೆ ಮುಗೀತು,” ಎಂದರು.

ನಾನು ಸಿಹಿಯ ಡಬ್ಬವನ್ನು ಹಿರಾನುಮಾ ಅವರ ಕಡೆಗೇ ಸರಿಸಿದೆ. “ಅವನ ಬದಲು ನಾನು ಒಂದು ಸಲ ಉತ್ತರ ಕೊಟ್ಟಿದ್ದೇನೆ. ಇನ್ನೊಂದು ಸಲ ಕೊಡಲ್ಲ. ಅವನನ್ನೇ ಕೇಳಿ,” ಎಂದೆ. ಬಾಗಿಲವರೆಗೆ ಹೋಗಿ, ರೂಢಿಯಂತೆ ಅವರ ಕಾರು ಕಾಣದಾಗುವ ತನಕ ತಲೆ ಬಗ್ಗಿಸಿ ನಿಂತಿದ್ದೆ.

ನಿನಗೂ ಅದೇ ಉತ್ತರ. ನಿಲ್ಲು ಎನ್ನುವುದಿಲ್ಲ, ಹೋಗು ಎನ್ನುವುದಿಲ್ಲ. ನಿನ್ನ ಭುಜ ಏನು ಹೇಳುತ್ತದೋ ಅದನ್ನು ಕೇಳಿಸಿಕೊಳ್ಳುವುದು ನಿನಗೊಬ್ಬನಿಗೇ ಸಾಧ್ಯ. ಯಾವ ಕಡೆ ಹೆಜ್ಜೆ ಇಟ್ಟರೂ ತಲೆಯೆತ್ತಿಕೊಂಡೇ ನಡೆಯುವ ಹಾಗೆ ನಿನ್ನ ತಂದೆಯ ಆಶೀರ್ವಾದವೂ ನನ್ನದೂ ನಿನ್ನ ಬೆನ್ನಿಗಿರಲಿ. ಮೈ ಬೆಚ್ಚಗಿಟ್ಟುಕೋ.

ತಾಯಿ,
ತೊಮಿಎ

ಮರೆತದ್ದಲ್ಲ, ಕೊನೆಗೆ ಉಳಿಸಿಕೊಂಡದ್ದು: ಹದಿನೆಂಟರಲ್ಲಿ ಕ್ಲಬ್‌ಗಳು ಆಟಗಾರರನ್ನು ಆರಿಸುವ ದಿನ ನಿನ್ನ ಹೆಸರು ಕರೆದದ್ದು ಆರನೆಯದಾಗಿ. ಊರೆಲ್ಲ ಶಾಲೆಯಲ್ಲಿ ಸೇರಿತ್ತು. ಸುಗಿನೊ ಮನೆಯ ಹಿರಿಮಗ ಐದು ಜನರ ಎಂಜಲಲ್ಲ ಎಂದು ನಾನು ಅಲ್ಲೇ ನಿರಾಕರಿಸಿದೆ. ನೀನು ತಲೆಬಾಗಿದೆ. ಅಷ್ಟು ನಿನಗೆ ಗೊತ್ತು.

ಗೊತ್ತಿಲ್ಲದ್ದು ಇದು. ಡಿಸೆಂಬರಿನಲ್ಲಿ, ನೀನು ಶಾಲೆಯ ಮೈದಾನದ ಹಿಮ ಎತ್ತಲು ಹೋಗಿದ್ದಾಗ, ನಿನ್ನನ್ನು ಆರಿಸಿದ್ದ ಕ್ಲಬ್ಬಿನ ಕಾಮೆಯಾಮ ಮತ್ತೆ ಬಂದರು. ನಮ್ಮ ಬಾಗಿಲಲ್ಲಿ ಹಣೆ ನೆಲಕ್ಕೆ ಹಚ್ಚಿ, “ಈ ಭುಜ ಈಗಲೇ ನಮ್ಮ ಕೈಗೆ ಬರಬೇಕು ತಾಯಿ. ಕಂಪನಿ ತಂಡದಲ್ಲಿ ಸವೆದುಹೋಗುತ್ತೆ,” ಎಂದರು. ಮಗನಿಗೇ ಮನಸ್ಸಿಲ್ಲ ಎಂದು ಸುಳ್ಳು ಹೇಳಿ ಕಳಿಸಿದೆ. ಸಂಜೆ ಊಟಕ್ಕೆ ಕೂತು ನೀನು ಕೇಳಿದೆ, ಯಾರಾದ್ರೂ ಬಂದಿದ್ರಾ ಅಂತ. ಇಲ್ಲ ಎಂದೆ. ನೀನು “ಹೌದಾ” ಎಂದು ಬಟ್ಟಲು ಮುಂದೆ ಚಾಚಿದೆ, ನಾನು ಅನ್ನ ಬಡಿಸಿದೆ. ಮೂರು ವರ್ಷ ನೀನು ಕಾಗದದ ಕಂಪನಿಯ ತಂಡದಲ್ಲಿ, ಬೆಳಿಗ್ಗೆ ಕಾಗದದ ಉರುಳೆ ಹೊತ್ತು ಮಧ್ಯಾಹ್ನ ಚೆಂಡು ಎಸೆದೆ. ನಿನ್ನ ಭುಜ ಕುಯ್ದ ವೈದ್ಯರು ಇದು ಹಳೆಯ ಗಾಯ, ಇಪ್ಪತ್ತರ ಆಸುಪಾಸಿನದು ಎಂದರು. ಊರು ನನ್ನನ್ನು ದೂರದೃಷ್ಟಿಯವಳು ಎಂದು ಹೊಗಳಿತು. ಹದಿನಾರು ವರ್ಷ ಹೊಗಳಿಸಿಕೊಂಡೆ.

ಭಾನುವಾರ ನದಿದಂಡೆಯಲ್ಲಿ ಸಂಘದ ಗೆಡ್ಡೆಸಾರಿನ ಕೂಟವಿತ್ತು. ಎಪ್ಪತ್ತು ಜನ. ಸೌಟು ಕೆಳಗಿಟ್ಟು ಎದ್ದು ನಿಂತು, ಇಷ್ಟನ್ನೂ ಹೇಳಿದೆ. ನಡುವೆ ಶೋಜಿ, “ಕೂತ್ಕೊಳ್ಳಿ ಯಜಮಾನಿ, ಸಾರು ಆರಿಹೋಗುತ್ತೆ,” ಎಂದು ನಗಿಸಲು ನೋಡಿದರು. ಯಾರೂ ನಗಲಿಲ್ಲ. ಅಧ್ಯಕ್ಷೆಯ ತೋಳುಪಟ್ಟಿ ಬಿಚ್ಚಿ ಶೋಜಿಯ ಕೈಗೆ ಕೊಟ್ಟು, ಪಾತ್ರೆ ತೊಳೆಯುವ ಹೆಂಗಸರ ಜೊತೆ ಹೋಗಿ ಕೂತೆ.